ಜೋತುಬೀಳುವುದೋ, ನೆಚ್ಚಿಕೊಳ್ಳುವುದೋ: ಪೆನ್ಸಿಲ್ವೇನಿಯಾ ಪ್ರೈಮರಿಯ ಹನ್ನೊಂದು ದಿನ

2008ರ ಏಪ್ರಿಲ್ 12, ಶನಿವಾರ. ಆಗ ನಾನು ಬೆಂಗಳೂರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ ವಿದೇಶದ ಪುಟ ನೋಡಿಕೊಳ್ಳುತ್ತಿದ್ದೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ, ಅಂದರೆ ಅಧ್ಯಕ್ಷ ಹುದ್ದೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಓಟು, ಹತ್ತಿರ ಬಂದಿತ್ತು. ಏಜೆನ್ಸಿಯಿಂದ ಬಂದ ಸುದ್ದಿಯಲ್ಲಿ, ಅಲ್ಲಿ ಹಿಲರಿ ಕ್ಲಿಂಟನ್ ಎದುರು ಪೈಪೋಟಿಯಲ್ಲಿದ್ದ ಬರಾಕ್ ಒಬಾಮಾ ಆಡಿದ ಒಂದು ವಾಕ್ಯವಿತ್ತು. ಅದರೊಳಗಿದ್ದ ‘ಕ್ಲಿಂಗ್’ ಎಂಬ ಕ್ರಿಯಾಪದಕ್ಕೆ ಕನ್ನಡ ಹುಡುಕುತ್ತ ಅರ್ಧ ಗಂಟೆ ಕಳೆದೆ. ‘ಅಂಟಿಕೊಂಡಿದ್ದಾರೆ’ ಎಂದು ಬರೆದು ಹೊಡೆದುಹಾಕಿದೆ. ‘ಜೋತುಬಿದ್ದಿದ್ದಾರೆ’ ಅಂದೆ. ಪಕ್ಕದಲ್ಲಿದ್ದ ಹಿರಿಯರು ‘ಓಟು ಕೇಳೋಕೆ ಹೊರಟವರು ಅಷ್ಟು ಕೆಟ್ಟದಾಗಿ ಹೇಳಿರ್ತಾರೇನ್ರೀ?’ ಎಂದು ಕೇಳಿದರು. ನನಗೂ ಅನುಮಾನ ಬಂತು. ಪುಟ ಮುಗಿಸುವ ಹೊತ್ತಾಗಿತ್ತು, ‘ಮೊರೆ ಹೋಗಿದ್ದಾರೆ’ ಅಂತ ಹಾಕಿ ಕಳಿಸಿದೆ. ಮರುದಿನ ಅದನ್ನು ಓದಿದ ಕನ್ನಡಿಗರಿಗೆ, ಇಷ್ಟಕ್ಕೆಲ್ಲ ಅಮೆರಿಕದಲ್ಲಿ ಯಾಕೆ ಬೆಂಕಿ ಬಿತ್ತು ಎಂಬುದು ಖಂಡಿತ ಅರ್ಥವಾಗಿರಲಿಕ್ಕಿಲ್ಲ. ಮೊರೆ ಹೋಗುವುದರಲ್ಲಿ ಒಂದು ಮರ್ಯಾದೆ ಇದೆ. ಜಗಳವೆಲ್ಲ ಇದ್ದದ್ದು ಮರ್ಯಾದೆ ಇಲ್ಲದ ಆ ಕ್ರಿಯಾಪದದಲ್ಲೇ.

ಆಮೇಲೆ ಬಹಳ ಸಲ ಈ ಪ್ರಕರಣವನ್ನು ತಿರುಗಿ ನೋಡಿದ್ದೇನೆ. ರಾಜಕಾರಣಿ ಒಂದು ಮಾತಾಡುತ್ತಾನೆ, ಗದ್ದಲವಾಗುತ್ತದೆ, ಅವನು ಸಮಜಾಯಿಷಿ ಕೊಡುತ್ತಾನೆ, ಎದುರಾಳಿ ಕೆರಳುತ್ತಾನೆ, ವಾರ ಕಳೆಯುವುದರಲ್ಲಿ ಇನ್ನೊಂದು ಬರುತ್ತದೆ. ಈ ಚಕ್ರದ ಒಂದೊಂದು ಹಲ್ಲನ್ನೂ ಬಿಡಿಸಿ ನೋಡಲು 2008ರ ಪೆನ್ಸಿಲ್ವೇನಿಯಾದಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಆಡಿದ್ದೇನು

ಏಪ್ರಿಲ್ 6ರ ಭಾನುವಾರ ಒಬಾಮಾ ಸ್ಯಾನ್ ಫ್ರಾನ್ಸಿಸ್ಕೋದ ಪೆಸಿಫಿಕ್ ಹೈಟ್ಸ್ ಎಂಬ ಸಿರಿವಂತರ ಬಡಾವಣೆಯ ಒಂದು ಮನೆಯಲ್ಲಿ ದೇಣಿಗೆ ಕೂಟಕ್ಕೆ ಹೋಗಿದ್ದರು. ಪತ್ರಕರ್ತರಿಗೆ ಪ್ರವೇಶ ಇರಲಿಲ್ಲ. ಪ್ರಚಾರದ ಕೆಲಸಕ್ಕೆ ಪೆನ್ಸಿಲ್ವೇನಿಯಾಕ್ಕೆ ಹೊರಟವರಿಗೆ ಅಲ್ಲಿ ಮನೆ ಮನೆ ಬಾಗಿಲು ತಟ್ಟಿದಾಗ ಏನು ಎದುರಾದೀತು ಎಂಬ ಪ್ರಶ್ನೆ ಬಂತು. ಅದಕ್ಕೆ ಒಬಾಮಾ ಕೊಟ್ಟ ಉದ್ದದ ಉತ್ತರದ ಒಂದು ತುಂಡು ಹೀಗಿತ್ತು:

‘ಪೆನ್ಸಿಲ್ವೇನಿಯಾದ ಈ ಸಣ್ಣ ಊರುಗಳಿಗೆ ಹೋಗಿ ನೋಡಿ. ಕೆಲಸಗಳು ಹೋಗಿ 25 ವರ್ಷವಾಯಿತು, ಅವುಗಳ ಜಾಗಕ್ಕೆ ಇನ್ನೇನೂ ಬರಲಿಲ್ಲ. ಕ್ಲಿಂಟನ್ ಸರ್ಕಾರ ಬಂತು, ಬುಷ್ ಸರ್ಕಾರ ಬಂತು, ಬಂದವರೆಲ್ಲ ಈ ಊರುಗಳು ಮತ್ತೆ ಚಿಗುರುತ್ತವೆ ಅಂದರು, ಚಿಗುರಲಿಲ್ಲ. ಹಾಗಿರುವಾಗ ಅವರ ಮನಸ್ಸು ಕಹಿಯಾದರೆ ಆಶ್ಚರ್ಯವಿಲ್ಲ. ತಮ್ಮ ಹತಾಶೆಗೆ ಒಂದು ಕಾರಣ ಹೇಳಿಕೊಳ್ಳಲು ಅವರು ಬಂದೂಕಿಗೋ ಧರ್ಮಕ್ಕೋ, ತಮ್ಮಂತಿಲ್ಲದವರ ಮೇಲಿನ ಅಸಹನೆಗೋ, ವಲಸಿಗರ ಮೇಲಿನ ಸಿಟ್ಟಿಗೋ, ವಿದೇಶಿ ವ್ಯಾಪಾರದ ಮೇಲಿನ ಸಿಟ್ಟಿಗೋ ಜೋತುಬೀಳುತ್ತಾರೆ.’

ಮೊದಲರ್ಧವನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಪಿಟ್ಸ್‌ಬರ್ಗ್ ಪಕ್ಕದ ಹೋಮ್‌ಸ್ಟೆಡ್‌ನ ಉಕ್ಕಿನ ಕಾರ್ಖಾನೆ 1986ರಲ್ಲಿ ಮುಚ್ಚಿತು. ಬೆತ್ಲೆಹೆಮ್ ಊರಿನ ಕುಲುಮೆಗಳು 1995ರಲ್ಲಿ ಆರಿದವು, 2001ರಲ್ಲಿ ಬೆತ್ಲೆಹೆಮ್ ಸ್ಟೀಲ್ ಕಂಪನಿಯೇ ದಿವಾಳಿಯಾಯಿತು. ಆ ಜಾಗದಲ್ಲಿ ಆಮೇಲೆ ಎದ್ದದ್ದು ಕ್ಯಾಸಿನೊ. ಅಮೆರಿಕದಲ್ಲಿರುವ ನಮ್ಮವರಿಗೆ ಪಿಟ್ಸ್‌ಬರ್ಗ್ ಅಂದರೆ ಗುಡ್ಡದ ಮೇಲಿನ ವೆಂಕಟೇಶ್ವರ ದೇವಸ್ಥಾನ. ದರ್ಶನಕ್ಕೆಂದು ಕಾರಿನಲ್ಲಿ ಹೋಗುವಾಗ ನದಿಯ ಪಕ್ಕ ತುಕ್ಕು ಹಿಡಿದ ಚಿಮಣಿಗಳನ್ನು ನೋಡದೆ ಬಂದವರು ಕಡಿಮೆ.

ಈ ತುಂಡಿನ ಹಿಂದೆ ಒಬಾಮಾ ಇನ್ನೊಂದು ಮಾತು ಹೇಳಿದ್ದರು. ಬಿಳಿಯ ಕಾರ್ಮಿಕರು ಕರಿಯನಿಗೆ ಓಟು ಹಾಕುವುದಿಲ್ಲ ಎಂದು ಎಲ್ಲರೂ ಸುಲಭವಾಗಿ ಹೇಳಿಬಿಡುತ್ತಾರೆ, ವಿಷಯ ಅಷ್ಟು ಸರಳವಿಲ್ಲ. ಸರ್ಕಾರದಿಂದ ಅಷ್ಟು ಸಲ ಮೋಸಹೋದವರು ಯಾರ ಭರವಸೆಯನ್ನೂ ನಂಬುವುದಿಲ್ಲ. ಅದನ್ನೂ ಬರಾಕ್ ಒಬಾಮಾ ಎಂಬ ಹೆಸರಿನ 46 ವರ್ಷದ ಕರಿಯ ಬಂದು ಹೇಳಿದರೆ ಅನುಮಾನದ ಇನ್ನೊಂದು ಪದರ ಸೇರಿಕೊಳ್ಳುತ್ತದೆ. ಕೂಟದಲ್ಲಿ ನಗು ಎದ್ದಿತು. ಅಂದರೆ ಅವರು ಆ ಊರಿನವರ ಮೇಲಿನ ಜನಾಂಗದ್ವೇಷದ ಆರೋಪವನ್ನು ತಮ್ಮ ದೇಣಿಗೆದಾರರ ಎದುರು ತಳ್ಳಿಹಾಕುತ್ತಿದ್ದರು. ವಕಾಲತ್ತು ಹಾಕಲು ಹೋದ ವಕೀಲರೇ ಕಕ್ಷಿದಾರರಿಗೆ ಅವಮಾನ ಮಾಡಿ ಬಂದರು.

ತಪ್ಪಿದ್ದೆಲ್ಲಿ? ನನ್ನ ಪ್ರಕಾರ ಎರಡು ಕಡೆ. ಒಂದು, ‘ಅವರು’ ಎಂಬ ಸರ್ವನಾಮ. ಶ್ರೀಮಂತರ ಹಜಾರದಲ್ಲಿ ನಿಂತು, ಅಲ್ಲಿಲ್ಲದ ಬಡವರ ಮನಸ್ಸನ್ನು ವಿವರಿಸುವುದು. ಎಷ್ಟೇ ಸಹಾನುಭೂತಿ ಇರಲಿ, ಬೆನ್ನ ಹಿಂದೆ ನಮ್ಮನ್ನು ಯಾರೋ ಅರ್ಥಮಾಡಿಕೊಳ್ಳುತ್ತಿದ್ದಾರೆ ಎಂದು ಗೊತ್ತಾದರೆ ಮೈ ಉರಿಯುತ್ತದೆ. ಬೈದರೂ ಅಷ್ಟು ಉರಿಯುವುದಿಲ್ಲ. ಎರಡನೆಯದು ಪಟ್ಟಿ. ದೇವರು ಮತ್ತು ಅಸಹನೆ ಒಂದೇ ಸಾಲಿನಲ್ಲಿ, ಒಂದೇ ಕ್ರಿಯಾಪದದ ಕೆಳಗೆ ಬಂದವು. ಚರ್ಚಿಗೆ ಹೋಗುವ ಅಜ್ಜಿ, ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಹೋಗುವ ಅಪ್ಪ, ವಲಸಿಗರನ್ನು ಕಂಡರಾಗದ ಪಕ್ಕದ ಮನೆಯವನು ಮೂವರೂ ಒಂದೇ ಕಾಯಿಲೆಯ ಲಕ್ಷಣಗಳಾದರು.

ಹೊರಬಿದ್ದದ್ದು

ಆ ಕೂಟದಲ್ಲಿ ಮೇಹಿಲ್ ಫೌಲರ್ ಎಂಬ, ಅರವತ್ತು ದಾಟಿದ ಮಹಿಳೆ ಇದ್ದರು. ಓಕ್‌ಲ್ಯಾಂಡ್‌ನವರು, ಒಬಾಮಾ ಬೆಂಬಲಿಗರು, ಅವರ ಪ್ರಚಾರಕ್ಕೆ ದುಡ್ಡು ಕೊಟ್ಟವರು. ಜೊತೆಗೆ ಹಫಿಂಗ್ಟನ್ ಪೋಸ್ಟ್ ಜಾಲತಾಣದ ‘ಆಫ್ ದ ಬಸ್’ ಯೋಜನೆಗೆ ಸಂಬಳವಿಲ್ಲದೆ ಬರೆಯುತ್ತಿದ್ದ ನಾಗರಿಕ ವರದಿಗಾರ್ತಿ. ಮಾತನ್ನು ರೆಕಾರ್ಡ್ ಮಾಡಿಕೊಂಡರು. ಬರೆಯಲೋ ಬೇಡವೋ ಎಂದು ದಿನಗಟ್ಟಲೆ ಒದ್ದಾಡಿದರು. ಕೊನೆಗೆ ಏಪ್ರಿಲ್ 11ರ ಶುಕ್ರವಾರ ಬರಹ ಪ್ರಕಟವಾಯಿತು. ಅದನ್ನು ಓದಿದರೆ, ಬಾಂಬು ಹಾಕಲು ಹೊರಟವರ ಬರಹದಂತೆ ಕಾಣುವುದಿಲ್ಲ. ಮೆಚ್ಚಿದ ಅಭ್ಯರ್ಥಿಯ ಒಂದು ಮಾತು ಹಿಡಿಸದೆ ಗೊಂದಲಕ್ಕೆ ಬಿದ್ದವರ ಟಿಪ್ಪಣಿಯಂತಿದೆ.

ಪತ್ರಕರ್ತರಿಗೆ ಪ್ರವೇಶವಿಲ್ಲದ ಕೂಟ ಎಂಬ ಭರವಸೆ ಅಂದಿಗೆ ಮುಗಿಯಿತು. ಇವತ್ತು ಮದುವೆ ಮನೆಯ ಊಟದ ಸಾಲಿನಲ್ಲಿ ಶಾಸಕರು ಗೊಣಗಿದ್ದೂ ಸಂಜೆಯೊಳಗೆ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಕಾಲದಲ್ಲಿ ಇದೇನು ದೊಡ್ಡದು ಅನಿಸಬಹುದು. 2008ರಲ್ಲಿ ಐಫೋನ್‌ಗೆ ವರ್ಷ ತುಂಬಿರಲಿಲ್ಲ.

ಆರು ವಾರದ ಬರಗಾಲ

ಇದೇ ಮಾತನ್ನು ಜನವರಿಯಲ್ಲಿ ಆಡಿದ್ದರೆ ಎರಡು ದಿನದಲ್ಲಿ ಮರೆತುಹೋಗುತ್ತಿತ್ತು ಎಂದು ನನ್ನ ಅಂದಾಜು. ಯಾಕೆಂದರೆ ಪ್ರೈಮರಿಯ ಕ್ಯಾಲೆಂಡರ್‌ಗೆ ಒಂದು ವಿಚಿತ್ರ ಹಸಿವಿದೆ.

ನಮ್ಮಲ್ಲಿ ಟಿಕೆಟ್ ಹಂಚುವುದು ಹೈಕಮಾಂಡ್. ಆಕಾಂಕ್ಷಿಗಳ ಜಗಳ ದೆಹಲಿಯ ಕೋಣೆಯೊಳಗೆ ನಡೆದು, ಪಟ್ಟಿ ಬಿಡುಗಡೆಯಾದಾಗ ಬಂಡಾಯವಾಗಿ ಬೀದಿಗೆ ಬರುತ್ತದೆ. ಅಮೆರಿಕದಲ್ಲಿ ಆ ಟಿಕೆಟ್ ಜಗಳವೇ ತಿಂಗಳುಗಟ್ಟಲೆ ರಾಜ್ಯದಿಂದ ರಾಜ್ಯಕ್ಕೆ ಬಹಿರಂಗವಾಗಿ ನಡೆಯುತ್ತದೆ, ಜನರೇ ಓಟು ಹಾಕಿ ತೀರ್ಮಾನಿಸುತ್ತಾರೆ. ಪೆನ್ಸಿಲ್ವೇನಿಯಾದಲ್ಲಂತೂ ಆಯಾ ಪಕ್ಷಕ್ಕೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಓಟು. ಎದುರಾಳಿ ಒಂದೇ ಮನೆಯವರು, ನೀತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಒಬಾಮಾ ಮತ್ತು ಹಿಲರಿ ಕ್ಲಿಂಟನ್ ಅವರ ಆರೋಗ್ಯ ವಿಮೆ ಯೋಜನೆಗಳ ನಡುವಿನ ದೊಡ್ಡ ಭೇದ, ವಿಮೆ ಎಲ್ಲರಿಗೂ ಕಡ್ಡಾಯವೋ ಅಲ್ಲವೋ ಎಂಬುದಷ್ಟೇ. ಅದರ ಮೇಲೆ ಎಷ್ಟು ದಿನ ಜಗಳ ಆಡಲಾದೀತು? ಉಳಿಯುವುದು ವ್ಯಕ್ತಿ, ವ್ಯಕ್ತಿಯ ನಾಲಿಗೆ.

ಮಾರ್ಚ್ 11ಕ್ಕೆ ಮಿಸಿಸಿಪ್ಪಿ ಮುಗಿಯಿತು. ಮುಂದಿನದು ಏಪ್ರಿಲ್ 22ಕ್ಕೆ ಪೆನ್ಸಿಲ್ವೇನಿಯಾ. ನಡುವೆ ಆರು ವಾರ ಒಂದೇ ಒಂದು ಓಟು ಇಲ್ಲ. ಇಡೀ ದೇಶದ ಸುದ್ದಿವಾಹಿನಿಗಳು, ಎರಡು ಪ್ರಚಾರ ಪಡೆಗಳು, ಇನ್ನೂ ಮನಸ್ಸು ತೀರ್ಮಾನಿಸದ ಸೂಪರ್ ಡೆಲಿಗೇಟ್‌ಗಳು (ತಮ್ಮಿಷ್ಟದವರಿಗೆ ಓಟು ಹಾಕಬಹುದಾದ ಪಕ್ಷದ ಮುಖಂಡರು) ಎಲ್ಲರೂ ಕಾಯುತ್ತಿದ್ದರು. ಆ ಖಾಲಿ ಹೊಲದಲ್ಲಿ ಬೆಳೆದ ಬೆಳೆಯೆಲ್ಲ ಹೇಳಿಕೆಗಳದ್ದೇ. ಅದಕ್ಕೆ ಸ್ವಲ್ಪ ಮೊದಲು ಒಬಾಮಾ ಸಲಹೆಗಾರ್ತಿ ಸಮಂತಾ ಪವರ್, ಹಿಲರಿಯನ್ನು ‘ರಾಕ್ಷಸಿ’ ಅಂದು ಕೆಲಸ ಬಿಟ್ಟಿದ್ದರು. ಹಿಲರಿ ಕಡೆಯ ಜೆರಾಲ್ಡಿನ್ ಫೆರಾರೊ, ಒಬಾಮಾ ಬಿಳಿಯನಾಗಿದ್ದರೆ ಈ ಸ್ಥಾನಕ್ಕೆ ಬರುತ್ತಲೇ ಇರಲಿಲ್ಲ ಅಂದು ಹಣಕಾಸು ಸಮಿತಿಯಿಂದ ಹೊರನಡೆದರು. ಒಬಾಮಾರ ಪಾದ್ರಿ ಜೆರೆಮಿಯಾ ರೈಟ್ ಅಮೆರಿಕವನ್ನೇ ಬೈಯುವ ಪ್ರವಚನದ ವಿಡಿಯೊಗಳು ಬಂದವು. ಬೋಸ್ನಿಯಾದಲ್ಲಿ ಗುಂಡಿನ ದಾಳಿಯ ನಡುವೆ ತಲೆ ತಗ್ಗಿಸಿ ಓಡಿದೆ ಎಂದು ಹಿಲರಿ ಹೇಳಿದರು. ಪುಟ್ಟ ಹುಡುಗಿಯೊಬ್ಬಳು ಅವರನ್ನು ವಿಮಾನದ ಬಳಿ ಶಾಂತವಾಗಿ ಸ್ವಾಗತಿಸುತ್ತಿರುವ ಹಳೆಯ ದೃಶ್ಯವನ್ನು ಟಿವಿಯವರು ಹುಡುಕಿ ತೆಗೆದರು. ಮಾರ್ಚ್ ಕೊನೆಗೆ ಆಲ್ಟೂನಾ ಊರಿನಲ್ಲಿ ಒಬಾಮಾ ಬೌಲಿಂಗ್ (ಚೆಂಡು ಉರುಳಿಸಿ ಗೂಟ ಬೀಳಿಸುವ ಆಟ) ಆಡಿ ಬರೀ 37 ಅಂಕ ಗಳಿಸಿದ್ದೂ ಸುದ್ದಿಯೇ. ಕಾರ್ಮಿಕರ ಆಟ ಬಾರದ ಹಾರ್ವರ್ಡ್ ಪಂಡಿತ ಎಂಬ ಚಿತ್ರಕ್ಕೆ ಚೌಕಟ್ಟು ಸಿದ್ಧವಾಗಿತ್ತು, ಪಟ ಒಂದು ಬಾಕಿ ಇತ್ತು.

ಶುಕ್ರವಾರ, ಶನಿವಾರ, ಭಾನುವಾರ

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಕುತೂಹಲದ್ದು ಒಬಾಮಾ ಮೂರು ದಿನದಲ್ಲಿ ಕೊಟ್ಟ ಮೂರು ಬೇರೆ ಬೇರೆ ಪ್ರತಿಕ್ರಿಯೆ. ಒಂದೇ ಮನುಷ್ಯ, ಒಂದೇ ತಪ್ಪು, ಮೂರು ದನಿ.

ಶುಕ್ರವಾರ ರಾತ್ರಿ ಇಂಡಿಯಾನಾದ ಟೆರ್ರೆ ಹೋಟ್‌ನಲ್ಲಿ ಅವರು ಎದೆಯೊಡ್ಡಿ ನಿಂತರು. ನನಗೆ ಜನರ ಸಂಪರ್ಕ ಇಲ್ಲ ಅನ್ನುತ್ತಾರೆ, ಇದೆ, ಏನು ನಡೆಯುತ್ತಿದೆ ಎಂದು ನನಗೆ ಚೆನ್ನಾಗಿ ಗೊತ್ತು. ಜನ ಬೇಸತ್ತಿದ್ದಾರೆ, ಸಿಟ್ಟಾಗಿದ್ದಾರೆ, ಕಹಿಯಾಗಿದ್ದಾರೆ ಎಂದು ಗುಡುಗಿದರು. ಮನೆ ಸಾಲದ ಬಿಕ್ಕಟ್ಟು ಅರ್ಥವಾಗಲು ಮೂರು ಸಲ ಬೇಕಾದ ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್ ನನಗೆ ಪಾಠ ಹೇಳುತ್ತಾರೆಯೇ ಎಂದೂ ಕುಟುಕಿದರು. ಆದರೆ ಇದೇ ಭಾಷಣದಲ್ಲಿ ಯಾರೂ ಗಮನಿಸದ ಒಂದು ಸಂಗತಿ ನಡೆಯಿತು. ಕ್ರಿಯಾಪದ ಬದಲಾಯಿತು. ಸರ್ಕಾರ ಕೈಬಿಟ್ಟಾಗ ಜನ ತಮ್ಮ ಧರ್ಮದಲ್ಲಿ, ತಮ್ಮ ಊರಿನಲ್ಲಿ, ಕುಟುಂಬದಲ್ಲಿ ಆಸರೆ ಪಡೆಯುತ್ತಾರೆ, ನೆಚ್ಚಿಕೊಳ್ಳಲು ಇರುವುದು ಅವೇ ತಾನೆ ಎಂದರು. ಜೋತುಬೀಳುವುದು ಹೋಗಿ ನೆಚ್ಚಿಕೊಳ್ಳುವುದು ಬಂತು. ಅಪರಾಧಿ ಪದವನ್ನು ಮೊದಲ ರಾತ್ರಿಯೇ ಕಿತ್ತುಹಾಕಿದ್ದರು, ಆದರೆ ಏರಿದ ದನಿಯಲ್ಲಿ ಮಾಡಿದ ರಿಪೇರಿ ಯಾರ ಕಿವಿಗೂ ಬೀಳಲಿಲ್ಲ. ಬೆಂಗಳೂರಿನಲ್ಲಿ ಕುಳಿತು ನಾನು ತಪ್ಪಾಗಿ ಹಾಕಿದ ‘ಮೊರೆ ಹೋಗುವುದು’, ಒಬಾಮಾ ಸರಿಪಡಿಸಿಕೊಂಡು ಹೇಳಿದ್ದಕ್ಕೆ ಹತ್ತಿರ ಇತ್ತು ಎಂದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಅದರಿಂದ ಅನುವಾದ ಸರಿಯಾಗಲಿಲ್ಲ, ಬಿಡಿ.

ಶನಿವಾರ ಬೆಳಗ್ಗೆ ಮನ್ಸಿ ಊರಿನಲ್ಲಿ ದನಿ ಇಳಿಯಿತು. ನಾನು ಹೇಳಬೇಕಾದಷ್ಟು ಚೆನ್ನಾಗಿ ಹೇಳಲಿಲ್ಲ ಎಂದು ಒಪ್ಪಿಕೊಂಡರು. ತಲೆಮಾರಿನಿಂದ ತಲೆಮಾರಿಗೆ ಬರುವ ಸಂಪ್ರದಾಯಗಳು ದೊಡ್ಡವು ಎಂದರು. ಇಲ್ಲಿ ‘ಪೆನ್ಸಿಲ್ವೇನಿಯಾದಲ್ಲಿ, ಇಲ್ಲಿ ಇಂಡಿಯಾನಾದಲ್ಲಿ, ಇಲಿನಾಯ್‌ನ ನನ್ನ ಊರಿನಲ್ಲಿ’ ಎಂದು ತಮ್ಮನ್ನೂ ಪಟ್ಟಿಗೆ ಸೇರಿಸಿಕೊಂಡರು. ಸರ್ವನಾಮದ ರಿಪೇರಿ ಅದು. ಆದರೆ ‘ಎಲ್ಲರಿಗೂ ಗೊತ್ತಿರುವ ಸತ್ಯವನ್ನೇ ಹೇಳಿದೆ’ ಎಂಬುದನ್ನು ಬಿಟ್ಟುಕೊಡಲಿಲ್ಲ. ಅದೇ ದಿನ ಉತ್ತರ ಕೆರೊಲಿನಾದ ಒಂದು ಪತ್ರಿಕೆಗೆ, ನಾನು ಬಳಸಿದ ಪದಗಳಿಂದ ಯಾರಿಗಾದರೂ ನೋವಾಗಿದ್ದರೆ ತುಂಬಾ ವಿಷಾದಿಸುತ್ತೇನೆ ಎಂದರು. ‘ಯಾರಿಗಾದರೂ ನೋವಾಗಿದ್ದರೆ’ ಎಂಬುದನ್ನು ನಮ್ಮ ವಿಧಾನಸೌಧದ ಮೊಗಸಾಲೆಯಲ್ಲಿ ಎಷ್ಟು ಸಲ ಕೇಳಿಲ್ಲ! ಆ ‘ದರೆ’ ಪ್ರತ್ಯಯಕ್ಕೆ ಬೇರೆ ಯಾವ ಭಾಷೆಯಲ್ಲೂ ರಜೆ ಇಲ್ಲ ಅಂತ ಕಾಣುತ್ತದೆ. ಆದರೂ ನಮ್ಮವರಿಗೆ ಹೋಲಿಸಿದರೆ ಒಂದು ವ್ಯತ್ಯಾಸ ಹೇಳಬೇಕು. ‘ನನ್ನ ಹೇಳಿಕೆ ತಿರುಚಲಾಗಿದೆ’ ಎಂದು ಒಬಾಮಾ ವಾದಿಸಲಿಲ್ಲ. ರೆಕಾರ್ಡಿಂಗ್ ಇತ್ತು, ಹಾಗಾಗಿ ಆ ಬಾಗಿಲು ಮುಚ್ಚಿತ್ತು ಅನ್ನಿ.

ಭಾನುವಾರ ಪೆನ್ಸಿಲ್ವೇನಿಯಾದ ಸ್ಟೀಲ್‌ಟನ್. ಹೆಸರಲ್ಲೇ ಉಕ್ಕು ಇರುವ ಊರು. ಅಲ್ಲಿ ಮೂರನೆಯ ದನಿ: ಗೇಲಿ. ಹಿಲರಿ ಈಗ ಆ್ಯನಿ ಓಕ್ಲಿ ಥರ ಮಾತಾಡುತ್ತಿದ್ದಾರೆ, ಪ್ರತಿ ಭಾನುವಾರ ಬಾತುಕೋಳಿ ಬೇಟೆಗೆ ಹೊಂಚು ಹಾಕಿ ಕೂರುವವರ ಹಾಗೆ, ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡವರ ಹಾಗೆ ಎಂದರು. ಆ್ಯನಿ ಓಕ್ಲಿ ಅಂದರೆ 19ನೇ ಶತಮಾನದ ಕೊನೆಗೆ ಸರ್ಕಸ್ಸಿನಂಥ ಪ್ರದರ್ಶನಗಳಲ್ಲಿ ಗುರಿಯಿಟ್ಟು ಹೊಡೆದು ಹೆಸರಾದ ಹೆಂಗಸು. ಸಭೆ ಬಿದ್ದು ಬಿದ್ದು ನಕ್ಕಿತು. ಮೂರರಲ್ಲಿ ಕೆಲಸ ಮಾಡಿದ್ದು ಇದೇ ಎಂದು ನನ್ನ ಅಭಿಪ್ರಾಯ. ಸಮಜಾಯಿಷಿ ಕೊಡುವವರೆಗೂ ಚರ್ಚೆ ಒಬಾಮಾ ಮೇಲಿತ್ತು. ನಕ್ಕ ಕೂಡಲೇ ಅದು ಹಿಲರಿ ಕಡೆಗೆ ಹೊರಳಿತು.

ಎದುರು ಮನೆಯ ಪ್ರತಿಕ್ರಿಯೆ

ಹೊರಳಲು ಹಿಲರಿಯೂ ದಾರಿ ಮಾಡಿಕೊಟ್ಟಿದ್ದರು. ಮೊದಲ ದಿನ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಅವರು ಹೇಳಿದ್ದು ಚೊಕ್ಕವಾಗಿತ್ತು: ಪೆನ್ಸಿಲ್ವೇನಿಯಾದವರಿಗೆ ತಮ್ಮನ್ನು ಕೀಳಾಗಿ ನೋಡುವ ಅಧ್ಯಕ್ಷ ಬೇಡ, ತಮ್ಮ ಪರ ನಿಲ್ಲುವ ಅಧ್ಯಕ್ಷ ಬೇಕು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಿತ್ತು. ಮರುದಿನ ಇದು ಮೇಲ್ದರ್ಜೆಯವರ ದರ್ಪ, ಜನರ ಸಂಪರ್ಕ ಕಡಿದುಕೊಂಡವರ ಮಾತು ಎಂದರು. ಬೆಂಬಲಿಗರ ಅಂಗಿಯ ಮೇಲೆ ‘ನಾನು ಕಹಿಯಾಗಿಲ್ಲ’ ಎಂಬ ಸ್ಟಿಕರ್ ಬಂತು, ಒಬಾಮಾ ಮಾತಿನಿಂದ ಅವಮಾನವಾಯಿತು ಎಂದು ಊರಿನವರು ಹೇಳುವ ಟಿವಿ ಜಾಹೀರಾತು ಬಂತು. ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಊರಿನ ಹತ್ತಿರ ವಿನೋಲಾ ಎಂಬ ಕೆರೆಯ ದಂಡೆಯಲ್ಲಿ ಅಜ್ಜ ಕಟ್ಟಿದ ಮನೆಯ ಹಿಂದೆ, ಅಪ್ಪ ತನಗೆ ಚಿಕ್ಕಂದಿನಲ್ಲಿ ಬಂದೂಕು ಹಿಡಿಯಲು ಕಲಿಸಿದ ಕಥೆಯೂ ಬಂತು. ಕಥೆ ನಿಜವೇ ಇರಬಹುದು. ಆದರೆ ಕೇಳಿದವರಿಗೆ ತಕ್ಷಣ ಇನ್ನೊಂದು ಪ್ರಶ್ನೆ ಹುಟ್ಟಿತು, ಭಾನುವಾರ ವರದಿಗಾರರು ಅದನ್ನು ಕೇಳಿಯೇಬಿಟ್ಟರು: ಕೊನೆಯ ಸಲ ಚರ್ಚಿಗೆ ಹೋದದ್ದು ಯಾವಾಗ, ಬಂದೂಕು ಹಿಡಿದದ್ದು ಯಾವಾಗ? ಅದು ಇಲ್ಲಿ ಪ್ರಸ್ತುತವಲ್ಲ ಎಂದು ಹಿಲರಿ ಜಾರಿಕೊಂಡರು.

ಶನಿವಾರ ರಾತ್ರಿಯ ದೃಶ್ಯ ಇನ್ನೂ ಕಣ್ಣಿಗೆ ಕಟ್ಟುತ್ತದೆ. ಇಂಡಿಯಾನಾದ ಕ್ರೌನ್ ಪಾಯಿಂಟ್‌ನ ಬ್ರಾಂಕೋಸ್ ಎಂಬ ಹೋಟೆಲು. ಕೌಂಟರಿನ ಬಳಿ ಹಿಲರಿ, ಸುತ್ತ ಕ್ಯಾಮೆರಾಗಳು, ಮುಂದೆ ಬಿಯರ್. ಒಂದು ಚಿಕ್ಕ ಗ್ಲಾಸಿನಲ್ಲಿ ಕ್ರೌನ್ ರಾಯಲ್ ವಿಸ್ಕಿ. ಮೊದಲು ಸ್ವಲ್ಪ ಹೀರಿ ನೋಡಿ, ಆಮೇಲೆ ತಲೆ ಹಿಂದಕ್ಕೆ ಎಸೆದು ಕುಡಿದರು. ಸುತ್ತಲಿದ್ದವರು ಕೂಗಿದರು. ನಮ್ಮ ಅಭ್ಯರ್ಥಿಗಳು ಚುನಾವಣೆ ಬಂದಾಗ ಗದ್ದೆಗಿಳಿದು ನಾಟಿ ಮಾಡುತ್ತಾರಲ್ಲ, ಬೀದಿ ಬದಿಯಲ್ಲಿ ದೋಸೆ ಹುಯ್ಯುತ್ತಾರಲ್ಲ, ಅದರ ಇಂಡಿಯಾನಾ ಅವತಾರ. ಒಬಾಮಾಗೆ ಸಿಕ್ಕಿದ ಉಡುಗೊರೆ ಇದು. ಸೋಮವಾರ ಪಿಟ್ಸ್‌ಬರ್ಗ್‌ನಲ್ಲಿ ಕಾರ್ಖಾನೆ ಕೆಲಸಗಾರರ ಪರವಾದ ಒಂದು ವೇದಿಕೆಯಲ್ಲಿ ಅವರು, ಚುನಾವಣೆ ಹತ್ತಿರ ಬಂದಾಗ ಟಿವಿಯವರನ್ನು ಕಟ್ಟಿಕೊಂಡು ಬಂದು ನಿಮ್ಮ ಜೊತೆ ಒಂದು ಗುಟುಕು ಹಾಕಿಹೋಗುತ್ತಾರೆ ಎಂದರು. ಅದೇ ವೇದಿಕೆಯಲ್ಲಿ ಹಿಲರಿ, ನಿಮ್ಮಲ್ಲಿ ಅನೇಕರಿಗೆ ನನ್ನಂತೆಯೇ ಆ ಮಾತುಗಳಿಂದ ಬೇಸರವಾಗಿರಬೇಕು ಎಂದು ಶುರು ಮಾಡಿದಾಗ ಸಭೆಯಿಂದ ‘ಇಲ್ಲ!’ ಎಂಬ ಕೂಗು ಕೇಳಿಬಂತು. ಅವಮಾನವಾಯಿತು ಎಂದು ಯಾರ ಪರವಾಗಿ ಹೇಳುತ್ತಿದ್ದರೋ ಅವರಲ್ಲೇ ಕೆಲವರು ನಮಗೇನೂ ಆಗಿಲ್ಲ ಅನ್ನುತ್ತಿದ್ದರು. ಇನ್ನೊಬ್ಬರ ನೋವನ್ನು ಗುತ್ತಿಗೆ ಹಿಡಿಯುವುದರಲ್ಲಿ ಈ ಅಪಾಯ ಇದ್ದದ್ದೇ.

ಏಪ್ರಿಲ್ 16ರಂದು ಫಿಲಡೆಲ್ಫಿಯಾದಲ್ಲಿ ಎಬಿಸಿ ವಾಹಿನಿಯ ಚರ್ಚೆ. ಸುಮಾರು ಮುಕ್ಕಾಲು ಗಂಟೆ ಈ ಮಾತು, ಪಾದ್ರಿ, ಬೋಸ್ನಿಯಾ, ಒಬಾಮಾ ಕೋಟಿನ ಮೇಲೆ ಧ್ವಜದ ಪಿನ್ ಯಾಕಿಲ್ಲ ಎಂಬಲ್ಲೇ ಕಳೆಯಿತು. ಇರಾಕ್ ಯುದ್ಧ ಆಗ ಆರನೇ ವರ್ಷಕ್ಕೆ ಕಾಲಿಟ್ಟಿತ್ತು, ಬ್ಯಾಂಕುಗಳು ಅಲುಗಾಡುತ್ತಿದ್ದವು. ಪ್ರಶ್ನೆ ಕೇಳಿದವರಿಗೇ ಜನ ಛೀಮಾರಿ ಹಾಕಿದರು. ಒಬಾಮಾ ಅಲ್ಲಿ ಮಂಕಾಗಿದ್ದರು. ನನ್ನ ಮಾತು ಕಲಸುಮೇಲೋಗರವಾದದ್ದು ಇದೇ ಮೊದಲಲ್ಲ, ಕೊನೆಯೂ ಅಲ್ಲ ಎಂದು ಹೇಳಿ ದಾಟಿಸಿದರು. ಮರುದಿನ ಉತ್ತರ ಕೆರೊಲಿನಾದ ರಾಲಿ ಊರಿನಲ್ಲಿ ಮಾತ್ರ ಲವಲವಿಕೆ ಬಂದಿತ್ತು. ಆ ಚರ್ಚೆಯ ಬಗ್ಗೆ ಮಾತಾಡುತ್ತ ಸುಮ್ಮನಾಗಿ, ಕೈ ಎತ್ತಿ ಹೆಗಲ ಮೇಲಿನ ಧೂಳು ಕೊಡವಿದಂತೆ ಮಾಡಿದರು. ಇವೆಲ್ಲ ನನಗೆ ಧೂಳಿಗೆ ಸಮ ಎಂಬ ಅದರ ಅರ್ಥ ರ‍್ಯಾಪ್ ಕೇಳುವ ಹುಡುಗರಿಗೆ ಗೊತ್ತಿತ್ತು, ಸಭಾಂಗಣ ಕುಣಿದಾಡಿತು. ನಮ್ಮಲ್ಲಾಗಿದ್ದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎಂದು ಶೀರ್ಷಿಕೆ ಹಾಕಿರುತ್ತಿದ್ದರು.

ಏನಾಯಿತು, ಏನಾಗಲಿಲ್ಲ

ಏಪ್ರಿಲ್ 22. ಹಿಲರಿಗೆ 54.6, ಒಬಾಮಾಗೆ 45.4 ಶೇಕಡ. ಆ ಮಾತಿನಿಂದಲೇ ಒಬಾಮಾ ಸೋತರು ಎಂದು ಬರೆಯುವುದು ಸುಲಭ, ಬಹಳ ಮಂದಿ ಬರೆದರು ಕೂಡ. ಆದರೆ ಪಕ್ಕದ ಓಹಿಯೋವನ್ನು ನೋಡಿ. ಅದೇ ತುಕ್ಕು ಹಿಡಿದ ಊರುಗಳು, ಅದೇ ಬಗೆಯ ಜನ. ಅಲ್ಲಿ ಮಾರ್ಚ್ 4ರಂದು, ಅಂದರೆ ಈ ಮಾತು ಹುಟ್ಟುವ ತಿಂಗಳ ಮುಂಚೆ, ಹಿಲರಿ ಗೆದ್ದ ಅಂತರ ಸುಮಾರು 8.7 ಶೇಕಡಾ ಅಂಶ. ಪೆನ್ಸಿಲ್ವೇನಿಯಾದಲ್ಲಿ 9ಕ್ಕೆ ತುಸು ಹೆಚ್ಚು. ಹನ್ನೊಂದು ದಿನದ ಬೊಬ್ಬೆಯ ಫಲ ಇದೇ ಎನ್ನುವುದಾದರೆ ಬೆಳೆ ಬಹಳ ತೆಳು. ಮೇ 6ರಂದು ಉತ್ತರ ಕೆರೊಲಿನಾವನ್ನು ಒಬಾಮಾ ದೊಡ್ಡ ಅಂತರದಲ್ಲಿ ಗೆದ್ದರು, ಇಂಡಿಯಾನಾವನ್ನು ಕೂದಲೆಳೆಯಲ್ಲಿ ಕಳೆದುಕೊಂಡರು. ಟಿಕೆಟ್ ಅವರಿಗೇ ಸಿಕ್ಕಿತು. ಹಾಗೆಂದು ಗಾಯವೇ ಆಗಲಿಲ್ಲ ಅನ್ನಲಾರೆ. ಮೇ 13ಕ್ಕೆ ವೆಸ್ಟ್ ವರ್ಜೀನಿಯಾದಲ್ಲಿ ಹಿಲರಿ 40 ಅಂಶಕ್ಕೂ ಮಿಕ್ಕಿ ಗೆದ್ದರು. ಅದು ಈ ಮಾತಿನಿಂದಲೋ, ಆ ಬೆಟ್ಟಗಳಲ್ಲಿ ಒಬಾಮಾಗೆ ಎಂದೂ ಓಟು ಇರಲೇ ಇಲ್ಲವೋ ಬೇರ್ಪಡಿಸುವುದು ಕಷ್ಟ.

ಇಲ್ಲಿ ನಮಗೆ ನೇರ ಸಂಬಂಧವಿರುವ ಒಂದು ಹೋಲಿಕೆ ಇದೆ. ಹತ್ತು ತಿಂಗಳ ಹಿಂದೆ, 2007ರ ಜೂನ್‌ನಲ್ಲಿ, ಒಬಾಮಾ ಪ್ರಚಾರ ಪಡೆ ಹೆಸರು ಹಾಕದೆ ಪತ್ರಕರ್ತರಿಗೆ ಒಂದು ಟಿಪ್ಪಣಿ ಹಂಚಿತ್ತು. ಅಮೆರಿಕದ ಸೆನೆಟರ್‌ಗಳ ಹೆಸರಿನ ಮುಂದೆ ಪಕ್ಷ ಮತ್ತು ರಾಜ್ಯ ಹಾಕುವ ಪದ್ಧತಿ ಇದೆಯಲ್ಲ, ಅಲ್ಲಿ ನ್ಯೂಯಾರ್ಕ್ ಬದಲು ‘ಹಿಲರಿ ಕ್ಲಿಂಟನ್, ಡಿ-ಪಂಜಾಬ್’ ಎಂದಿತ್ತು. ಭಾರತೀಯರಿಂದ ದೇಣಿಗೆ, ಭಾರತೀಯ ಕಂಪನಿಯಲ್ಲಿ ಹೂಡಿಕೆ, ಹೊರಗುತ್ತಿಗೆಯ ಪರ ನಿಲುವು ಎಂದು ಹಳಿಯುವ ಟಿಪ್ಪಣಿ. ಬೆಂಗಳೂರಿನಿಂದ ಹೋಗಿ ಅಲ್ಲಿ ಓಟಿನ ಹಕ್ಕು ಪಡೆದಿದ್ದ ಎಷ್ಟೋ ಜನ ಕೆರಳಿದರು. ಒಬಾಮಾ ವಾದಕ್ಕೆ ನಿಲ್ಲಲಿಲ್ಲ. ನಮ್ಮ ಪಡೆ ಮಾಡಿದ ಮೂರ್ಖ ತಪ್ಪು ಎಂದು ಕೆಲವೇ ದಿನದಲ್ಲಿ ಒಪ್ಪಿಕೊಂಡರು, ಸುದ್ದಿ ಸತ್ತಿತು. ಏಪ್ರಿಲ್‌ನಲ್ಲಿ ಹಾಗೆ ಮಾಡಲಾಗಲಿಲ್ಲ, ಯಾಕೆಂದರೆ ಅಲ್ಲಿ ಸಿಬ್ಬಂದಿಯ ತಲೆಗೆ ಕಟ್ಟಲು ಏನೂ ಇರಲಿಲ್ಲ, ಜೊತೆಗೆ ತಾನು ಹೇಳಿದ್ದು ನಿಜ ಎಂದು ಅವರು ನಂಬಿದ್ದರು. ನಿಜ ಎಂದು ನಂಬಿದ್ದಕ್ಕೆ ಕ್ಷಮೆ ಕೇಳುವುದು ಸುಳ್ಳಿಗೆ ಕೇಳುವುದಕ್ಕಿಂತ ಕಷ್ಟ. ಇನ್ನೊಂದು ವಿಪರ್ಯಾಸ: ‘ವಿದೇಶಿ ವ್ಯಾಪಾರದ ಮೇಲಿನ ಸಿಟ್ಟಿಗೆ ಜೋತುಬೀಳುತ್ತಾರೆ’ ಅಂದವರೇ ಅಧ್ಯಕ್ಷರಾಗಿ 2009ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನ ಬಫಲೋದಲ್ಲಿ ಕೆಲಸ ಸೃಷ್ಟಿಸುವುದಕ್ಕಿಂತ ಭಾರತದ ಬೆಂಗಳೂರಿನಲ್ಲಿ ಸೃಷ್ಟಿಸಿದರೆ ಕಡಿಮೆ ತೆರಿಗೆ ಬೀಳುವ ಕಾನೂನು ಸರಿಯಲ್ಲ ಅಂದರು. ನಮ್ಮ ಡೆಸ್ಕಿನಲ್ಲಿ ಅದಕ್ಕೆ ಪದ ಹುಡುಕುವ ಕಷ್ಟ ಬರಲಿಲ್ಲ.

ಮಾತು ಮಾತ್ರ ಸಾಯಲಿಲ್ಲ. 2008ರ ಸೆಪ್ಟೆಂಬರ್ 3ರಂದು ರಿಪಬ್ಲಿಕನ್ ಸಮಾವೇಶದಲ್ಲಿ ಆ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ ಸಾರಾ ಪೇಲಿನ್, ನಮ್ಮ ಬಗ್ಗೆ ಸ್ಕ್ರಾಂಟನ್‌ನಲ್ಲಿ ಒಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇನ್ನೊಂದು ಮಾತಾಡುವ ಅಭ್ಯರ್ಥಿ ನಮಗೆ ಹಿಡಿಸುವುದಿಲ್ಲ ಎಂದರು. ಬಂದೂಕು, ಧರ್ಮದ ಮಾತನ್ನೂ ಎತ್ತಿದರು, ಆದರೆ ಇದು ಸೀದಾ ಸರ್ವನಾಮಕ್ಕೇ ಹೊಡೆದ ಏಟು. ಆ ಹನ್ನೊಂದು ದಿನದಲ್ಲಿ ಹಿಲರಿ ಕೊಟ್ಟ ಯಾವ ಪ್ರತಿಕ್ರಿಯೆಯೂ ಅಷ್ಟು ಗುರಿಯಾಗಿರಲಿಲ್ಲ. ಅಕ್ಟೋಬರ್‌ನಲ್ಲಿ ಒಬಾಮಾ ಒಂದು ಸಂದರ್ಶನದಲ್ಲಿ ಇದನ್ನು ತಾನು ಮಾಡಿದ ಅತಿ ದಡ್ಡ ಕೆಲಸ ಎಂದು ಕರೆದರು. ಅಷ್ಟರಲ್ಲಿ ‘ಕಹಿಯಾಗಿ ಜೋತುಬಿದ್ದವರು’ ಎಂಬುದನ್ನು ಎದುರು ಪಕ್ಷದವರು ಬಿರುದಿನಂತೆ ಎದೆಯ ಮೇಲೆ ಧರಿಸಲು ಶುರು ಮಾಡಿದ್ದರು.

ಎಂಟು ವರ್ಷದ ಮೇಲೆ, 2016ರ ಸೆಪ್ಟೆಂಬರ್ 9ರಂದು, ನ್ಯೂಯಾರ್ಕಿನ ಒಂದು ದೇಣಿಗೆ ಕೂಟದಲ್ಲಿ ಹಿಲರಿ ಕ್ಲಿಂಟನ್ ನಿಂತಿದ್ದರು. ಟ್ರಂಪ್ ಬೆಂಬಲಿಗರಲ್ಲಿ ಅರ್ಧದಷ್ಟು ಜನರನ್ನು ಹೇಯರ ಬುಟ್ಟಿಗೆ ಹಾಕಬಹುದು ಎಂದರು. ಇನ್ನರ್ಧ ಜನ ಸರ್ಕಾರ ಕೈಬಿಟ್ಟವರು, ಅವರ ನೋವನ್ನು ನಾವು ಅರ್ಥಮಾಡಿಕೊಳ್ಳಬೇಕು ಎಂದೂ ಅದೇ ಉಸಿರಿನಲ್ಲಿ ಹೇಳಿದರು. ಆ ಇನ್ನರ್ಧ ಯಾರಿಗೂ ನೆನಪಿಲ್ಲ. ಮರುದಿನ ಅವರು ವಿಷಾದಿಸಿದ್ದು ‘ಅರ್ಧದಷ್ಟು’ ಎಂಬ ಲೆಕ್ಕಕ್ಕೆ. ಕೆಲವೇ ದಿನದಲ್ಲಿ ಆ ಬೈಗುಳ ಟೀ ಶರ್ಟಿನ ಮೇಲೆ ಬಂತು.

ಸ್ಕ್ರಾಂಟನ್ ಪಕ್ಕದಲ್ಲಿ ಲುಜರ್ನ್ ಎಂಬ ಕೌಂಟಿ ಇದೆ, ಹಳೆಯ ಕಲ್ಲಿದ್ದಲು ಗಣಿಗಳ ಸೀಮೆ. 2008ರ ಏಪ್ರಿಲ್‌ನಲ್ಲಿ ಅಲ್ಲಿನ ಡೆಮಾಕ್ರಟಿಕ್ ಓಟುಗಳಲ್ಲಿ ಸುಮಾರು ಮುಕ್ಕಾಲು ಪಾಲು ಹಿಲರಿಗೆ ಬಿದ್ದವು. ನವೆಂಬರ್‌ನಲ್ಲಿ ಅದೇ ಕೌಂಟಿ ಒಬಾಮಾರನ್ನು ಗೆಲ್ಲಿಸಿತು, 2012ರಲ್ಲಿ ಮತ್ತೊಮ್ಮೆ ಗೆಲ್ಲಿಸಿತು. 2016ರಲ್ಲಿ ಟ್ರಂಪ್ ಅಲ್ಲಿ ಹಿಲರಿಯನ್ನು ಸೋಲಿಸಿದ್ದು 19 ಅಂಶಗಳ ಅಂತರದಲ್ಲಿ. ಇಡೀ ಪೆನ್ಸಿಲ್ವೇನಿಯಾದಲ್ಲಿ ಅವರು ಸೋತದ್ದು ಸುಮಾರು 44,000 ಓಟಿನಿಂದ. ಅದರಲ್ಲಿ ಅರ್ಧಕ್ಕೂ ಹೆಚ್ಚು ಅಂತರ ಲುಜರ್ನ್ ಒಂದರದ್ದೇ.